ತೆಂಗಿನ ಮರದ ಕಮಾನು

ಪಿಟೀಲಿನ ನಾದವೆಲ್ಲ ಪಿಟೀಲಿನಲ್ಲೇ ಇರುತ್ತದೆ, ಕಮಾನು ಬರೀ ಕಡ್ಡಿ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಹಾಗಾಗಿ ಮಗಳು ಸುಮಾಳ ಮೊದಲ ಗಾಯನ ಕಛೇರಿಗೆ ನಾಲ್ಕೇ ದಿನ ಇರುವಾಗ, ಪಕ್ಕವಾದ್ಯದವನಾದ ನಾನೇ ಕಮಾನಿನ ಮೇಲೆ ಕುಳಿತು ಮುರಿದರೂ ಗಾಬರಿಯಾಗಲಿಲ್ಲ.

"ತಿಪಟೂರಿಂದ ಹೊಸದು ತತ್ತೀರೋ, ಇಲ್ಲ ನುಡ್ಸೋಕೆ ಬೇರೆಯೋರನ್ನ ಕರೀಲೋ?" ಎಂದಳು ಹೆಂಡತಿ ಜಯ.

"ಮನೆ ಹಿಂದೆ ತೆಂಗಿನ ತೋಟ ಇಟ್ಕೊಂಡು ಕಡ್ಡಿ ಕೊಂಡು ತರೋದಾ? ಮಾನ ಹೋಯ್ತದೆ ಕಣೇ!"

ನಮ್ಮ ತುರುವೇಕೆರೆ ಕಡೆಯವರ ಕಾಯಿಲೆ ಇದು. ತೊಲೆ, ಪೊರಕೆ, ಹಗ್ಗ, ಸೌದೆ ಎಲ್ಲವನ್ನೂ ಕೊಡುವ ಮರ ಸಂಗೀತವನ್ನೂ ಕೊಡಲೇಬೇಕು ಎಂಬ ಹಠ.

ಬಡಗಿ ಸಿದ್ದಾಚಾರಿ ತಲೆ ಕೆರೆದುಕೊಂಡ. "ತೆಂಗು ತೊಲೆಗೆ ಸರಿ ಕಣ್ರೀ. ಭಾರ ಜಾಸ್ತಿ, ಬಳುಕಾಕಿಲ್ಲ. ನಿಮ್ ಹಳೇ ಕಡ್ಡಿ ನೋಡಿ, ಹಗೂರ, ಬಗ್ಗಿಸಿದ್ರೆ ಪುಟೀತದೆ."

"ನಮ್ ಕೊಟ್ಟಿಗೆ ತೊಲೆ ನಮ್ಮಜ್ಜನ ಕಾಲದಿಂದ ನಿಂತದೆ!" ಎಂದು ವಾದ ಗೆದ್ದೆ. ಆ ತೊಲೆಯಲ್ಲಿ ಯಾರೂ ಕಲ್ಯಾಣಿ ನುಡಿಸಿರಲಿಲ್ಲ ಎಂಬುದು ಹೊಳೆಯಲಿಲ್ಲ.

ಹಳೆಯ ಕಮಾನಿನ ಕೂದಲನ್ನೇ ಹೊಸದಕ್ಕೆ ಕಟ್ಟಿಸಿ ಎಳೆದೆ. ಕೊಬ್ಬರಿ ಮೂಟೆಯನ್ನು ಸಿಮೆಂಟ್ ನೆಲದ ಮೇಲೆ ಎಳೆದ ಹಾಗಿತ್ತು! ತಂತಿಯ ಮೇಲೆ ಕುಣಿಯಬೇಕಾದ ಕಮಾನು ಕುಕ್ಕರುಗಾಲಲ್ಲಿ ಕೂತುಬಿಡುತ್ತಿತ್ತು. ಕೊಟ್ಟಿಗೆಯಲ್ಲಿ ಕರು ಹಗ್ಗ ಕಿತ್ತುಕೊಂಡಿತು.

ಸುಮಾಳ ಕಣ್ಣು ತುಂಬಿತು. "ಅಪ್ಪಾ, ನಮ್ ಸಂಗೀತದ ಮೇಷ್ಟ್ರು ಮುಂದಿನ ಸಾಲಲ್ಲೇ ಕೂತಿರ್ತಾರೆ. ನನ್ ಶ್ರುತಿ ತಪ್ಪಿಸ್ಬೇಡ."

ದೋಷ ಮರದ್ದಲ್ಲ, ಒಣಗಿದ್ದರದ್ದು ಎಂದು ತೀರ್ಮಾನಿಸಿದೆ. ಒಣಗಿದ್ದಕ್ಕೆ ನಮ್ಮಲ್ಲಿ ಮದ್ದು ಒಂದೇ, ಕೊಬ್ಬರಿ ಎಣ್ಣೆ. ಕಛೇರಿಯ ಹಿಂದಿನ ದಿನ ಕಡ್ಡಿಗೆ ಧಾರಾಳವಾಗಿ ತಿಕ್ಕಿ, ಬಟ್ಟೆ ಸುತ್ತಿಟ್ಟೆ. ಮರ ಕುಡಿದು ಮಿಕ್ಕಿದ್ದೆಲ್ಲ ಕೂದಲಿಗೆ ಇಳಿಯಿತು. ರಾಳ ಹಚ್ಚಿ ಒರಟು ಮಾಡಬೇಕಾದ ಕೂದಲು!

ವೇದಿಕೆಯಲ್ಲಿ ಕಮಾನು ಜಾರಿತು. ಮತ್ತೆ ಜಾರಿತು. ಸದ್ದೇ ಇಲ್ಲ. ಮೈಕಿನವನು ಎರಡು ಸಲ ಬಂದು ವೈರು ಬದಲಾಯಿಸಿದ. ನಾನು ಕಣ್ಣು ಮುಚ್ಚಿ, ಗಂಭೀರವಾಗಿ ತಲೆಯಾಡಿಸುತ್ತಾ ಒಂದು ಗಂಟೆ ಮೌನವನ್ನೇ ನುಡಿಸಿದೆ. ಸುಮಾ ಒಮ್ಮೆ ತಿರುಗಿ ನೋಡಿ, ಶ್ರುತಿ ಪೆಟ್ಟಿಗೆಗೆ ಕಿವಿಗೊಟ್ಟು ಧೈರ್ಯವಾಗಿ ಹಾಡಿದಳು. ಎಷ್ಟು ಚೆನ್ನಾಗಿ ಹಾಡಿದಳೆಂದರೆ ನಾಚಿಕೆಯ ನಡುವೆಯೂ ನನಗೆ ಹೆಮ್ಮೆಯಿಂದ ಅಳು ಬಂತು.

ಮುಗಿದ ಮೇಲೆ ಮೇಷ್ಟ್ರು ನೇರವಾಗಿ ಬಂದು ನನ್ನ ಕೈ ಹಿಡಿದರು. "ಇಷ್ಟು ವರ್ಷದಲ್ಲಿ ಇವತ್ತೇ ಕಣ್ರೀ, ನಿಮ್ದು ಒಂದೂ ಅಪಸ್ವರ ಬರಲಿಲ್ಲ!"

ಹೊಸ ಕಮಾನು ಕೊಳ್ಳುವ ಮಾತನ್ನು ಆಮೇಲೆ ಮನೆಯಲ್ಲಿ ಯಾರೂ ಎತ್ತಿಲ್ಲ. ಜಯ ಈಗ ವಾರಕ್ಕೊಮ್ಮೆ ತಾನೇ ಎಣ್ಣೆ ಹಚ್ಚುತ್ತಾಳೆ.