ಪರರ ದೇವರಗೂಡಿನಲ್ಲಿ ನೆಲೆಸಿರುವ ನಮ್ಮ ಕಾರಿನ ಬೀಗದಕೈಗೆ

ಮಾನ್ಯ ಬೀಗದಕೈಯವರೇ,

ಹುಣಸೂರು ತಾಲ್ಲೂಕು ಗುರುಪುರದ ನಿವಾಸಿಯೂ ವೀರನಹೊಸಹಳ್ಳಿ ಶಾಲೆಯ ಮುಖ್ಯೋಪಾಧ್ಯಾಯಿನಿಯೂ ಆದ ರಾಧಾ ಎಂಬ ನಾನು, ಪಿರಿಯಾಪಟ್ಟಣದ ಆಚೆ ಜವರಯ್ಯನವರ ಮನೆಯ ದೇವರಗೂಡಿನಲ್ಲಿ, ಮನೆದೇವರ ಪಟಕ್ಕೂ ಊದುಬತ್ತಿಯ ಪೊಟ್ಟಣಕ್ಕೂ ನಡುವೆ ಮೊಳೆಗೆ ನೇತುಬಿದ್ದು, ಶುಕ್ರವಾರ ಶುಕ್ರವಾರ ಅರಿಶಿನ ಕುಂಕುಮ ಸ್ವೀಕರಿಸುತ್ತಿರುವ ತಮಗೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ. ನಮ್ಮ ಮನೆಯಲ್ಲಿ ಮನುಷ್ಯರಿಗೇ ಇಲ್ಲದ ಆರೈಕೆ ತಮಗೆ ಅಲ್ಲಿ ನಡೆಯುತ್ತಿರುವುದನ್ನು ಕಣ್ಣಾರೆ ಕಂಡಿದ್ದೇನೆ.

ತಾವು ಒಂದು ಕಾರಿಗೆ ಸೇರಿದವರು, ಆ ಕಾರು ಈಗ ನನ್ನದು, ಎಂಬ ಎರಡು ಸಣ್ಣ ಸಂಗತಿಗಳನ್ನು ತಮ್ಮ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ. ದೇವರ ಸಹವಾಸದಲ್ಲಿ ಇರುವವರಿಗೆ ಇಂಥ ಲೌಕಿಕ ವಿಷಯಗಳು ಮರೆತುಹೋಗುವುದು ಸಹಜ.

ನನಗೆ ಕಾರು ಬೇಕಾದದ್ದು ಷೋಕಿಗಲ್ಲ. ಹೋದ ವರ್ಷ ಬಡ್ತಿ ಕೊಟ್ಟು ವೀರನಹೊಸಹಳ್ಳಿಗೆ ಹಾಕಿದರು. ಗುರುಪುರದಿಂದ ಹುಣಸೂರಿಗೆ ಒಂದು ಬಸ್ಸು, ಅಲ್ಲಿಂದ ಕಾಡಿನ ಕಡೆಗೆ ಇನ್ನೊಂದು. ಆ ಇನ್ನೊಂದು ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದು ಮಕ್ಕಳು ಮಗ್ಗಿಗೆ ಬಂದಿರುತ್ತಾರೆ, ರಸ್ತೆಯಲ್ಲಿ ಆನೆ ನಿಂತಿದ್ದರೆ ಬಸ್ಸು ಬರುವುದೇ ಬಿಸಿಲೇರಿದ ಮೇಲೆ. 'ಬಡ್ತಿ ಬೇಡ ಅಂತ ಬರೆದುಕೊಟ್ಟು ಊರಲ್ಲೇ ಇರು' ಎಂದು ಮನೆಯವರೆಲ್ಲ ಹೇಳಿದರು, ನೆಂಟರು ಹೇಳಿದರು, ಬಡ್ತಿ ಅಂದರೆ ಏನೆಂದು ತಿಳಿಯದ ಅಂಗಡಿಯವನೂ ಹೇಳಿದ. ಹೊತ್ತಿಗೆ ಸರಿಯಾಗಿ ಹೋಗಲಾಗದಿದ್ದರೆ ವಾಪಸ್ಸು ಸಹಶಿಕ್ಷಕಿಯಾಗಿ ಕಳಿಸುವುದಾಗಿ ಮೇಲಧಿಕಾರಿಗಳು ಬಹಳ ಸೌಜನ್ಯದಿಂದ ತಿಳಿಸಿದರು. ನಾನು ಶಿಕ್ಷಕರ ಸಂಘದಲ್ಲಿ ಸಾಲ ತೆಗೆದು, ಡ್ರೈವಿಂಗ್ ಶಾಲೆಯ ಗುರುಸ್ವಾಮಿಯವರ ಹತ್ತಿರ ಕ್ಲಚ್ಚು ಗೇರು ಕಲಿತು, ಕೈಕೊಡದ ಹಳೆಯ ಸಣ್ಣ ಕಾರೊಂದನ್ನು ಹುಡುಕತೊಡಗಿದೆ.

ಹುಡುಕಾಟದ ನೇತೃತ್ವವನ್ನು ನಮ್ಮ ಮಾವ ಕುಳ್ಳಯ್ಯನವರು ವಹಿಸಿಕೊಂಡರು. ಚುಂಚನಕಟ್ಟೆಯ ದನದ ಜಾತ್ರೆಯನ್ನು ಒಂದು ವರ್ಷವೂ ತಪ್ಪಿಸದವರು, ಎತ್ತಿನ ವ್ಯಾಪಾರದಲ್ಲಿ ಹೆಸರು ಮಾಡಿದವರು, ಸ್ಟೇರಿಂಗನ್ನು ಒಮ್ಮೆಯೂ ಮುಟ್ಟದವರು. ಜವರಯ್ಯನವರ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ನೆರಳಲ್ಲಿ ಮಾರಾಟಕ್ಕೆ ನಿಂತಿದ್ದ ಬಿಳಿ ಕಾರಿನ ಸುತ್ತ ಅವರು ಬಲಕ್ಕೊಂದು ಎಡಕ್ಕೊಂದು ಸುತ್ತು ಬಂದರು. ಬಾನೆಟ್ ಎತ್ತಿಸಿ ಹಲ್ಲು ನೋಡುವವರಂತೆ ಒಳಗೆ ಇಣುಕಿದರು. ಟೈರುಗಳನ್ನು ಗೊರಸಿನಂತೆ ಒತ್ತಿದರು. ಮೇಲ್ಛಾವಣಿಯ ಮೇಲೆ ಕೆಟ್ಟ ಸುಳಿಯೇನಾದರೂ ಇದೆಯೇ ಎಂದು ಅಂಗೈ ಆಡಿಸಿದರು. ಕೊನೆಗೆ ಐದು ಜನರನ್ನು ಒಳಗೆ ತುಂಬಿ ಕೆರೆ ಏರಿ ಹತ್ತಿಸಿ, ಹಿಂಭಾಗಕ್ಕೆ ಒಂದು ಏಟು ಬಡಿದು, "ಒಳ್ಳೆ ಜಾತೀದು ಕಣವ್ವ, ಮುಗ್ಗರಿಸಾಕಿಲ್ಲ" ಎಂದು ತೀರ್ಪು ಕೊಟ್ಟರು. ಗುರುಸ್ವಾಮಿಯವರು ಹೇಳಿಕೊಟ್ಟಂತೆ ನಾನು ಆಯಿಲ್ಲು, ಹೊಗೆ, ಬ್ರೇಕು ನೋಡಿ ಬಂದ ತೀರ್ಪೂ ಅದೇ ಆಗಿತ್ತು. ಇವತ್ತಿಗೂ ಆ ತೀರ್ಪು ಸುಳ್ಳಾಗಿಲ್ಲ. ಕಾರಿನ ಮೇಲೆ ನನ್ನ ದೂರು ಎಳ್ಳಷ್ಟೂ ಇಲ್ಲ, ಇರುವುದೆಲ್ಲ ತಮ್ಮ ಮೇಲೆ.

ಆಮೇಲೆ ಇಬ್ಬರು ಹಿರಿಯರೂ ಜಗಲಿಯ ಮೇಲೆ ಎದುರುಬದುರು ಕುಳಿತು, ಕೈಗಳ ಮೇಲೆ ಮಾವನವರ ಟವೆಲ್ಲು ಮುಚ್ಚಿಕೊಂಡು, ಅದರ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡಿದರು. ಸಾಲ ನನ್ನದು, ಕಂತು ನನ್ನ ಸಂಬಳದಲ್ಲಿ ಕಡಿತವಾಗುವುದು, ಆದರೂ ಬೆಲೆ ಏನೆಂದು ನನಗೆ ಕಂಡದ್ದು ಟವೆಲ್ಲಿನ ಅಲುಗಾಟ ಮಾತ್ರ. ಜವರಯ್ಯನವರ ಮನೆಯವರಾದ ವಿಮಲಮ್ಮನವರು ಕೊಟ್ಟ ಕಾಫಿ ಕುಡಿದು ನಾನು ಕಾರಿನ ಬೀಗದಕೈಗೆ ಕೈಚಾಚಿದೆ. ಜವರಯ್ಯನವರು ಹೊಳೆಯುವ ಹೊಸ ನಕಲು ಒಂದನ್ನು ನನ್ನ ಕೈಗಿಟ್ಟು, ತಮ್ಮನ್ನು ಕಣ್ಣಿಗೊತ್ತಿಕೊಂಡು ಒಳಗೆ ತೆಗೆದುಕೊಂಡು ಹೋದರು.

ನಾನು ಬಾಯಿ ತೆರೆಯುವ ಮೊದಲೇ ಮಾವ ತಡೆದರು. "ದನ ಮಾರ್ದಾಗ ಹಗ್ಗ ಕೊಡಾಕಿಲ್ಲ ಕಣವ್ವ. ಹಗ್ಗ ಕೊಟ್ರೆ ಹಟ್ಟಿ ಭಾಗ್ಯ ಅದರ ಹಿಂದೇನೆ ಒಂಟೋಯ್ತದೆ. ಕೇಳಬ್ಯಾಡ." ಮೂಗುದಾರವಿಲ್ಲದ, ಹುಲ್ಲು ತಿನ್ನದ, ಸಗಣಿ ಹಾಕದ ಈ ಪ್ರಾಣಿಗೆ ತಾವೇ ಹಗ್ಗವೆಂದು ನನಗೆ ತಿಳಿದದ್ದು ಆಗಲೇ.

ನಕಲಿನ ಯೋಗ್ಯತೆ ಮನೆಗೆ ಬಂದ ಮೇಲೆ ಗೊತ್ತಾಯಿತು. ಅದು ಎಂಜಿನ್ನು ಚಾಲೂ ಮಾಡುತ್ತದೆ, ಎಡಗಡೆಯ ಬಾಗಿಲು ತೆಗೆಯುತ್ತದೆ. ಬಲಗಡೆಯ ಬಾಗಿಲನ್ನು ಮಾತಾಡಿಸುವುದಿಲ್ಲ, ಆ ಬೀಗದೊಡನೆ ಒಳಗಿನ ಚಿಲಕವೂ ಬಿಗಿದುಕೊಂಡಿದೆ. ಹೀಗಾಗಿ ಮುಖ್ಯೋಪಾಧ್ಯಾಯಿನಿಯವರು ಪ್ರತಿದಿನ ಸೀರೆ ಎತ್ತಿ ಕಟ್ಟಿ, ಎಡಗಡೆಯಿಂದ ಹತ್ತಿ, ಗೇರಿನ ಕಡ್ಡಿ ದಾಟಿ, ಸ್ಟೇರಿಂಗಿನ ಮುಂದೆ ಸ್ಥಾಪಿತರಾಗುವ ದೃಶ್ಯವನ್ನು ನೋಡಲು ಊರಿನ ಕೆಲವರು ಹಲ್ಲುಜ್ಜುವ ಹೊತ್ತನ್ನೇ ಬದಲಾಯಿಸಿಕೊಂಡರು. ಇದನ್ನಾದರೂ ವ್ಯಾಯಾಮವೆಂದು ಸಹಿಸಬಹುದಿತ್ತು. ಆದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೂ ಬೀಗವಿತ್ತು, ಆ ಬೀಗ ತಮಗೆ ಮಾತ್ರ ಪತಿವ್ರತೆಯಾಗಿತ್ತು.

"ಪೆಟ್ರೋಲ್ ಆಕುಸ್ಬೇಕಾದಾಗ ಬನ್ನಿ ಮೇಡಮ್ಮೋರೆ, ಕೀ ಎಲ್ಲೋಯ್ತದೆ, ಇಲ್ಲೇ ಇರ್ತದೆ" ಎಂದು ಜವರಯ್ಯನವರು ನಗುನಗುತ್ತಾ ಹೇಳಿದ್ದರು. ಹೋದೆ. ಟ್ಯಾಂಕು ಬರಿದಾದಾಗಲೆಲ್ಲ ಹುಣಸೂರಿನ ಬಂಕುಗಳನ್ನು ದಾಟಿಕೊಂಡು, ಇನ್ನೊಂದು ತಾಲ್ಲೂಕಿಗೆ, ಪೆಟ್ರೋಲ್ ಹಾಕಿಸುವುದಕ್ಕೆ ಪೆಟ್ರೋಲ್ ಸುಟ್ಟುಕೊಂಡು ಹೋದೆ. ಅಲ್ಲಿ ಜವರಯ್ಯನವರು ಕೈಕಾಲು ತೊಳೆದು ತಮ್ಮನ್ನು ಮೊಳೆಯಿಂದ ಇಳಿಸಿ, ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟು, ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಪಿರಿಯಾಪಟ್ಟಣದ ಬಂಕಿನವರೆಗೆ ದಯಮಾಡಿಸಿ, ಸ್ವಹಸ್ತದಿಂದ ಮುಚ್ಚಳ ತೆಗೆದು, ಸ್ವಹಸ್ತದಿಂದ ಮುಚ್ಚಿ, ತಮ್ಮೊಡನೆ ಮನೆಗೆ ಮರಳುತ್ತಿದ್ದರು, ಅದೂ ನನ್ನ ಪೆಟ್ರೋಲಿನಲ್ಲಿ. ವಿಮಲಮ್ಮನವರು ಊಟ ಮಾಡಿಸದೆ ಬಿಡುತ್ತಿರಲಿಲ್ಲ. ಅವರ ಅವರೆಕಾಳಿನ ಸಾರಿನ ಮೇಲೂ ನನ್ನ ದೂರಿಲ್ಲ ಎಂಬುದನ್ನು ದಯವಿಟ್ಟು ದಾಖಲಿಸಿಕೊಳ್ಳಬೇಕು.

ಬೇರೆ ಮುಚ್ಚಳ ಹಾಕಿಸಬಾರದಿತ್ತೇ ಎಂದು ತಾವು ಕೇಳಬಹುದು. ಗುರುಸ್ವಾಮಿಯವರೂ ಕೇಳಿದರು, ನನ್ನ ಗಂಡ ಚಲುವರಾಜು ಕೂಡ ಮಾವನವರು ಹೊಲಕ್ಕೆ ಹೋಗಿದ್ದಾಗ ಮೆಲ್ಲಗೆ ಕೇಳಿದರು. ಆದರೆ ಟವೆಲ್ಲಿನ ಕೆಳಗೆ ಕೊಟ್ಟ ಮಾತು ಮಾವನದು. ಬೀಗ ಮುರಿದರೆ ಮಾತು ಮುರಿದ ಹಾಗೆ ಎಂದು ಅವರು ಮುಖ ತಿರುಗಿಸಿದ್ದರು. ಬಡ್ತಿಗಾಗಿ ಒಮ್ಮೆ ಮನೆಯವರನ್ನೆಲ್ಲ ಎದುರು ಹಾಕಿಕೊಂಡವಳಿಗೆ ಒಂದು ಮುಚ್ಚಳಕ್ಕಾಗಿ ಇನ್ನೊಮ್ಮೆ ಜಗಳ ತೆಗೆಯುವ ಶಕ್ತಿ ಉಳಿದಿರಲಿಲ್ಲ. ಆದ್ದರಿಂದ ನಾನು ಮನಸ್ಸಿನಲ್ಲೇ ತಮಗೆ ಮನವಿಗಳನ್ನು ಬರೆಯುತ್ತಿದ್ದೆ. ತಾವು ದೊಡ್ಡ ಮನಸ್ಸು ಮಾಡಿ ದೂರವೇನೂ ಅಲ್ಲದ ಗುರುಪುರಕ್ಕೆ ವರ್ಗಾವಣೆ ತೆಗೆದುಕೊಳ್ಳಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ ವಾರಕ್ಕೊಂದು ದಿನ ನಿಯೋಜನೆಯ ಮೇಲೆ ಹುಣಸೂರಿನ ಬಂಕಿನಲ್ಲಿ ಕ್ಯಾಂಪ್ ಮಾಡಬೇಕು. ಅದೂ ಆಗದಿದ್ದರೆ ಬರಿಯ ಸಂಕಲ್ಪಮಾತ್ರದಿಂದ ಮುಚ್ಚಳ ತೆರೆಯುವ ಕೃಪೆ ಮಾಡಬೇಕು, ಪೂಜೆ ಮಾಡಿಸಿಕೊಳ್ಳುವವರಿಗೆ ಇಷ್ಟು ಶಕ್ತಿಯಾದರೂ ಇರಬೇಕಲ್ಲ.

ಹೀಗಿರುವಾಗ ಆಗಸ್ಟ್ ಹದಿನೈದು ಬಂತು. ಮುಖ್ಯೋಪಾಧ್ಯಾಯಿನಿಯಾಗಿ ನಾನು ಏರಿಸಬೇಕಾದ ಮೊದಲ ಸ್ವಾತಂತ್ರ್ಯೋತ್ಸವದ ಬಾವುಟ. ಮೇಲಧಿಕಾರಿಗಳು ಆ ಬೆಳಿಗ್ಗೆ ನಮ್ಮ ಶಾಲೆಗೇ ಬರುವುದಾಗಿ ಹೇಳಿಕಳಿಸಿದ್ದರು. ಅದು ಬಾವುಟದ ಮೇಲಿನ ಭಕ್ತಿಯೋ ನನ್ನ ಹಾಜರಿಯ ಮೇಲಿನ ಕುತೂಹಲವೋ ನಾನು ಹೇಳಲಾರೆ. ಹಿಂದಿನ ಸಂಜೆ ಮುಳ್ಳು ತಳದತ್ತ ಇಳಿಯುತ್ತಿದ್ದ ಟ್ಯಾಂಕಿನೊಡನೆ ಜವರಯ್ಯನವರ ಮನೆಗೆ ಬಂದರೆ ಬಾಗಿಲಿಗೆ ಬೀಗ. ಮನೆಮಂದಿಯೆಲ್ಲ ಕೆ.ಆರ್. ನಗರಕ್ಕೆ ಮದುವೆಗೆ ಹೋಗಿದ್ದರು. ಕಿಟಕಿಯ ಸಂದಿಯಲ್ಲಿ ಇಣುಕಿದೆ. ತಾವು ಅಲ್ಲೇ ಇದ್ದಿರಿ. ಹಣೆಗೆ ಕುಂಕುಮ, ತಲೆಯ ಮೇಲೊಂದು ಸೇವಂತಿಗೆ, ಗಾಳಿಗೆ ಮೆಲ್ಲಗೆ ತೂಗಾಡುತ್ತಾ, ಕೈಗೆಟುಕುವುದಕ್ಕೆ ಒಂದೇ ಮಾರು ದೂರದಲ್ಲಿ. ಆಗ ನನಗೆ ಅಳು ಬಂದದ್ದು ನಿಜ. ಭಕ್ತಿಯಿಂದಲ್ಲ, ಸಿಟ್ಟಿನಿಂದ. ಬಡ್ತಿ ಬೇಡವೆಂದು ಬರೆದುಕೊಡು ಅಂದವರೆಲ್ಲ ನಾಳೆ ಏನು ಹೇಳುತ್ತಾರೆಂದು ನನಗೆ ಬಾಯಿಪಾಠವಾಗಿತ್ತು.

ಬೆಳಿಗ್ಗೆ ಬಾವುಟ ನೋಡಲು ಬರುತ್ತೇನೆಂದು ಮಾವನವರು ಹೊಸ ಪಂಚೆ ಉಟ್ಟು ಹಿಂದಿನ ಸೀಟಿನಲ್ಲಿ ಕುಳಿತರು. ಹುಣಸೂರಿನ ಬಂಕಿನ ಮುಂದೆ ಕಾರು ಎರಡು ಸಲ ಕೆಮ್ಮಿ ನಿಂತಿತು. ಬಂಕಿನ ಅಂಕಯ್ಯನವರು ಪೈಪು ಹಿಡಿದು ಬಂದು ಮುಚ್ಚಳ ನೋಡಿ, "ಬೀಗ ಒಡೆಯಾಕೆ ನಾನ್ ಬರಾಕಿಲ್ಲ ಮೇಡಮ್, ಆಮ್ಯಾಕೆ ನನ್ ಮ್ಯಾಲೆ ಬತ್ತದೆ" ಎಂದು ದೂರ ಸರಿದರು. ನಾನು ಎಡಬಾಗಿಲಿನಿಂದ ಇಳಿದೆ. ಸೀಟಿನ ಕೆಳಗಿದ್ದ ಜಾಕಿಯ ರಾಡು ತೆಗೆದೆ. ಮಾವ ಕಿಟಕಿಯಿಂದ, "ಬ್ಯಾಡ ಕಣವ್ವ, ಮಾತು ಕೊಟ್ಟಿವ್ನಿ" ಎಂದರು.

"ಮಾತು ನೀವು ಕೊಟ್ಟಿದ್ದೀರಿ ಮಾವ, ಶಾಲೆ ನನಗೆ ಕೊಟ್ಟಿದ್ದಾರೆ" ಎಂದು ಹೇಳಿ, ಬಂಕಿನಲ್ಲಿದ್ದ ಲಾರಿಯವರು, ಲೂನಾದವರು, ಹಾಲಿನ ಕ್ಯಾನಿನವರು ಎಲ್ಲರೂ ನೋಡುತ್ತಿರುವಂತೆಯೇ ಬೀಸಿ ಹೊಡೆದೆ. ಖಾದಿ ಸೀರೆಯ ಮೇಲೆ ಗ್ರೀಸು ಹತ್ತಿತು. ಮುಚ್ಚಳ ಮುರಿದು ಉರುಳಿಕೊಂಡು ಚರಂಡಿಗೆ ಹೋಯಿತು. ಪೆಟ್ರೋಲ್ ಬಿತ್ತು. ಆದರೆ ಮುಚ್ಚಳವಿಲ್ಲದ ಟ್ಯಾಂಕಿನೊಡನೆ ಹೊರಡುವುದು ಹೇಗೆಂದು ನಾನು ನಿಂತಿದ್ದಾಗ ಮಾವ ಇಳಿದು ಬಂದರು. ಹೆಗಲ ಮೇಲಿನ ಟವೆಲ್ಲು ತೆಗೆದು, ಅದೇ ವ್ಯಾಪಾರದ ಟವೆಲ್ಲು, ಸುರುಳಿ ಸುತ್ತಿ ಟ್ಯಾಂಕಿನ ಬಾಯಿಗೆ ಬಿಗಿಯಾಗಿ ತುರುಕಿದರು.

ಕಾಡಿನ ರಸ್ತೆಯಲ್ಲಿ ಆ ದಿನ ಆನೆಯೂ ಸ್ವಾತಂತ್ರ್ಯೋತ್ಸವದ ರಜೆಯಲ್ಲಿತ್ತು. ಮಕ್ಕಳು ಸಾಲಾಗಿ ನಿಲ್ಲುವ ಮೊದಲೇ ತಲುಪಿದೆ. ಮೇಲಧಿಕಾರಿಗಳು ನನ್ನ ನಂತರ ಬಂದರು ಎಂಬುದನ್ನು ವಿನಯದಿಂದ ತಿಳಿಸುತ್ತೇನೆ. ಹಗ್ಗ ಎಳೆದೆ, ಬಾವುಟ ಬಿಚ್ಚಿಕೊಂಡಿತು, ಹೂವು ಉದುರಿತು. ಮಾವ ಗೋಡೆಯ ಪಕ್ಕದಲ್ಲಿ ಮಕ್ಕಳ ಜೊತೆ ಅಟೆನ್ಷನ್ನಿನಲ್ಲಿ ನಿಂತಿದ್ದರು, ಹೆಗಲು ಬೋಳಾಗಿತ್ತು.

ವಾಪಸ್ಸು ಬರುವಾಗ ಮಾವ, ತಮ್ಮಷ್ಟಕ್ಕೆ ತಾವೇ ಹೇಳುವಂತೆ, "ಹಳೇ ಹಗ್ಗ ಮಾರಿದೋನು ಮಡಿಕತಾನೆ, ಸರಿ. ಹೊಸ ಹಗ್ಗ ಕೊಂಡೋನು ತರ್ಬೇಕು. ನಾನ್ ತರ್ನೇ ಇಲ್ವಲ್ಲವ್ವ. ಒಂದು ದನಕ್ಕೂ ಅಂಗ್ ಮಾಡ್ದೋನಲ್ಲ" ಎಂದರು. ಪದ್ಧತಿಯ ಅರ್ಧ ಭಾಗವನ್ನು ಅಷ್ಟು ತಿಂಗಳು ಕಾಪಾಡಿದ ನಾವು ಉಳಿದರ್ಧವನ್ನು ಮರೆತೇಬಿಟ್ಟಿದ್ದೆವು. ಮಾರನೆಯ ವಾರ ಅವರೊಬ್ಬರೇ ಬಸ್ಸು ಹತ್ತಿ ಮೈಸೂರಿಗೆ ಹೋಗಿ, ಬಾಗಿಲುಗಳಿಗೂ ಟ್ಯಾಂಕಿಗೂ ಹೊಸ ಬೀಗಗಳನ್ನು ತಂದರು. ಗುರುಸ್ವಾಮಿಯವರು ಅವನ್ನು ಕೂರಿಸಿದ ಮೇಲೆ, ಮಾವ ಕೈಯಾರೆ ಹೊಸೆದ ಪುಟ್ಟ ಪುಂಡಿನಾರಿನ ಹಗ್ಗಕ್ಕೆ ಬೀಗದಕೈ ಪೋಣಿಸಿ, ನನ್ನ ಕೈಗಿಟ್ಟು, "ಬಲಗಡೆಯಿಂದ ಅತ್ತು" ಎಂದರು. ಹತ್ತಿದೆ. ಊರಿನ ಹಲ್ಲುಜ್ಜುವವರಿಗೆ ನಿರಾಸೆಯಾಯಿತು. ನನಗೆ ಆದ ಸಂತೋಷವನ್ನು ತಮಗೆ ವಿವರಿಸುವುದು ವ್ಯರ್ಥ.

ಆದ್ದರಿಂದ, ಮಾನ್ಯರೇ, ನನ್ನ ಹಿಂದಿನ ಎಲ್ಲ ಮನವಿಗಳನ್ನೂ ಹಿಂತೆಗೆದುಕೊಂಡಿದ್ದೇನೆ. ತಾವು ಅಲ್ಲೇ ಇರಬೇಕು. ತೆಗೆಯಲು ಒಂದು ಬೀಗವೂ ಇಲ್ಲದೆ, ಪೂಜೆಗೆ ಮಾತ್ರ ಹಾಜರಾಗಿ, ಆಜೀವ ಪರ್ಯಂತ ಸುಖವಾಗಿ ತೂಗಾಡುತ್ತಿರಬೇಕು.

ತಮ್ಮ ಅವಶ್ಯಕತೆ ಇನ್ನಿಲ್ಲದ, ಆದರೂ ತಮ್ಮ ವಿಶ್ವಾಸಿ,

ರಾಧಾ
ಗುರುಪುರ, ಸೆಪ್ಟೆಂಬರ್ ೧೯೯೯

ಮರೆತ ಮಾತು: ಜವರಯ್ಯನವರು ಈಚೆಗೆ ಎಚ್.ಡಿ. ಕೋಟೆಯ ಕಡೆಯವರಿಂದ ಹಳೆಯ ಜೀಪೊಂದನ್ನು ಕೊಂಡರಂತೆ. ಮಾರಿದವರೂ ಪದ್ಧತಿಯವರೇ. ನಿನ್ನೆ ಜವರಯ್ಯನವರು ಆ ಕಡೆಗೆ ಡೀಸೆಲ್ ಹಾಕಿಸಲು ಹೋಗುವಾಗ ದಾರಿಯಲ್ಲಿ ನಮ್ಮ ಮನೆಗೆ ಬಂದಿದ್ದರು. ಕಾಫಿ ಕುಡಿದು, ಮಾವನವರಿಗೆ ಕೇಳಿಸದಂತೆ ದನಿ ತಗ್ಗಿಸಿ, "ಮೇಡಮ್ಮೋರೆ, ಆ ಜಾಕಿ ರಾಡು ಒಸಿ ಕೊಟ್ಟಿರ್ತೀರಾ?" ಎಂದು ಕೇಳಿದರು. ಕೊಟ್ಟಿದ್ದೇನೆ.