ತೆಂಗಿನ ತೋಟದ ಪಾಲಿನಲ್ಲಿ ಸಿಕ್ಕಿದ ನನ್ನ ವಿಚ್ಛೇದನ

ಬೇಲೂರು,
೧೨ ಮೇ ೨೦೦೩

ನಿವೃತ್ತ ರೆಕಾರ್ಡ್ ಕೀಪರ್ ಆದ, ಬಾಣಾವರದ ವಾಸಿ ಶ್ರೀ ಷಡಕ್ಷರಪ್ಪನವರ ಸನ್ನಿಧಿಗೆ

ಮಾನ್ಯರೇ,

ತಾವು, ತಮ್ಮ ಶ್ರೀಮತಿ ಸುಮಿತ್ರಮ್ಮನವರು ಹಾಗೂ ತಮ್ಮ ಮಂಡಿನೋವು ಎಲ್ಲರೂ ಕ್ಷೇಮವೆಂದು ನಂಬಿ, ಬೇಲೂರಿನ ಹೆಣ್ಣುಮಕ್ಕಳ ಹಾಸ್ಟೆಲೊಂದರ ಮೇಲ್ವಿಚಾರಕಿಯಾದ ಭಾಗ್ಯ ಎಂಬ ನಾನು ಅನಂತ ವಂದನೆಗಳೊಡನೆ ಬರೆಯುವುದೇನೆಂದರೆ, ತಾವು ಮೂವತ್ತೊಂದು ವರ್ಷ ಕೂತಿದ್ದ ಕುರ್ಚಿಯ ಮುಂದೆ ನಾನು ಹೆಚ್ಚುಕಡಿಮೆ ಒಂದು ವರ್ಷ ನಿಂತಿದ್ದೇನೆ, ಆದ್ದರಿಂದ ತಮ್ಮ ಸೇವೆಯನ್ನು ಕೊಂಡಾಡುವ ಅರ್ಹತೆ ನನಗೆ ಬಂದಿದೆ ಎಂದುಕೊಂಡಿದ್ದೇನೆ. ಆ ಕುರ್ಚಿ ಯಾವ ಊರಿನ ಯಾವ ನ್ಯಾಯಾಲಯದಲ್ಲಿದೆ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದು ನ್ಯಾಯಾಂಗ ನಿಂದನೆಯಾಗಿ, ಅದರ ಕಡತವನ್ನೂ ತಮ್ಮ ಶಿಷ್ಯರೇ ಕಟ್ಟಿಡುವಂತಾಗಿ, ನನಗೆ ಬಿಡುಗಡೆಯಾದದ್ದಕ್ಕೆ ಪುರಾವೆ ಸಿಗದೆ ಬದುಕಿರುವವರೆಗೂ ಒಳಗೇ ಇರಬೇಕಾದೀತು.

ಇದು ಬಹಿರಂಗ ಪತ್ರವಾದ್ದರಿಂದ, ವಿಷಯ ಗೊತ್ತಿಲ್ಲದ ಓದುಗರ ಅನುಕೂಲಕ್ಕಾಗಿ ಮೊದಲಿನಿಂದ ಹೇಳುತ್ತೇನೆ, ತಾವು ಬೇಸರಿಸಬಾರದು. ೧೯೯೪ರಲ್ಲಿ ನಾನೂ ಧರ್ಮೇಶ್ ಎಂಬ ಸರ್ಕಾರಿ ಗುಮಾಸ್ತರೂ ಪರಸ್ಪರ ಒಪ್ಪಿ ವಿಚ್ಛೇದನ ಪಡೆದೆವು. ದೊಡ್ಡ ಜಗಳವೇನೂ ಇರಲಿಲ್ಲ; ಅವರಿಗೆ ಅರಸೀಕೆರೆಯಲ್ಲಿ ಎರಡು ಹೊತ್ತು ಬಿಸಿ ಅಡುಗೆ ಬೇಕಿತ್ತು, ನನಗೆ ಬೇಲೂರಿನ ನೌಕರಿ ಬೇಕಿತ್ತು. ಅನಂತರ ಅವರು ಇಂದುಮತಿ ಎಂಬ ಹೆಣ್ಣುಮಗಳನ್ನು ಮದುವೆಯಾದರು, ಇಬ್ಬರು ಮಕ್ಕಳಾದರು, ಮತ್ತು ಮೊದಲ ಮದುವೆ ಮುಗಿದದ್ದಕ್ಕೆ ಅವರನ್ನು ಯಾರೂ ಒಂದು ಚೂರು ಕಾಗದ ಕೇಳಲಿಲ್ಲ, ಗಂಡಸಾದ್ದರಿಂದ ಬಾಯಿಮಾತೇ ಸಾಕಾಯಿತು. ೨೦೦೨ರ ಮಾರ್ಚ್ ಹನ್ನೊಂದರಂದು ಅವರು ಸ್ಕೂಟರ್ ಅಪಘಾತದಲ್ಲಿ ತೀರಿಕೊಂಡರು. ಕೆಟ್ಟವರಲ್ಲ, ಸೋಮಾರಿ, ಕಚೇರಿಯ ಸೇವಾ ಪುಸ್ತಕದಲ್ಲಿ ಹೆಂಡತಿಯ ಹೆಸರು ಬದಲಾಯಿಸುವುದನ್ನು ಎಂಟು ವರ್ಷ ನಾಳೆಗೆ ಮುಂದೂಡಿದ್ದರು. ಹೀಗಾಗಿ ಅವರ ಇಲಾಖೆಯು ನನಗೆ ಸಂತಾಪ ಸೂಚಿಸಿ, ಅನುಕಂಪದ ನೌಕರಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬಹುದೆಂದು ತಿಳಿಸಿತು. ಇಂದುಮತಿಗೆ ಮಾತ್ರ, ಮೊದಲ ಮದುವೆ ರದ್ದಾದದ್ದಕ್ಕೆ ನ್ಯಾಯಾಲಯದ ದೃಢೀಕೃತ ನಕಲು ತಂದರೆ ಹೆಂಡತಿಯೆಂದು ಪರಿಗಣಿಸುತ್ತೇವೆ, ಇಲ್ಲದಿದ್ದರೆ ಇಲ್ಲ, ಎಂದು ಹೇಳಿ ಕಳಿಸಿತು. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಆಕೆ ಮುಂದೆ ಬದುಕಬೇಕಾದ ದಾರಿ ಆ ಒಂದು ಹಾಳೆಯ ಮೇಲೆ ನಿಂತಿತ್ತು.

ಆ ಹಾಳೆ ನನ್ನ ಬಳಿ ಒಂದು ಕಾಲಕ್ಕೆ ಇತ್ತು. ತಂಗಿಗೆ ಗಂಡು ನೋಡುವಾಗ ಅಂಥ ಕಾಗದ ಮನೆಯಲ್ಲಿರಬಾರದೆಂದು ನಮ್ಮ ಅಮ್ಮ ಅದನ್ನು ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸಿದ್ದರು. ಧರ್ಮೇಶ್ ನಕಲು ತೆಗೆಸಿಯೇ ಇರಲಿಲ್ಲ. ವಕೀಲರು ಕಾಲವಾಗಿ, ಅವರ ಕಾಗದಪತ್ರಗಳು ತೂಕದ ಲೆಕ್ಕದಲ್ಲಿ ಅಂಗಡಿ ಸೇರಿದ್ದವು. ಇದ್ಯಾವುದನ್ನೂ ನಂಬದ ಇಂದುಮತಿ ಒಂದು ಭಾನುವಾರ ಹಾಸ್ಟೆಲಿಗೆ ಬಂದು, ಗೇಟಿನ ಹೊರಗೇ ನಿಂತು, ‘ಬಚ್ಚಿಟ್ಟಿದ್ರೆ ಕೊಟ್ಬುಡಿ ಅಕ್ಕಾ, ನಿಮಗೆ ಕೆಲ್ಸ ಐತಲ್ಲ, ಇನ್ನೊಂದು ಯಾಕೆ’ ಎಂದರು. ನನಗೆ ಅವಮಾನವಾಯಿತು, ಸಿಟ್ಟು ಬಂತು, ಆಕೆಯ ಮುಖ ನೋಡಿದ ಮೇಲೆ ಎರಡೂ ಹೋದವು. ಮಾರನೆಯ ದಿನವೇ ರಜೆ ಹಾಕಿ ಇಬ್ಬರೂ ಒಂದೇ ಬಸ್ಸಿನಲ್ಲಿ ನ್ಯಾಯದ ದರ್ಶನಕ್ಕೆ ಹೊರಟೆವು.

ನಕಲು ಪಡೆಯುವ ವಿಧಾನದ ಸರಳತೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಅರ್ಜಿ ಬರೆದು, ಕೋರ್ಟ್ ಫೀ ಸ್ಟಾಂಪು ಅಂಟಿಸಿ, ಪ್ರಕರಣದ ಸಂಖ್ಯೆಯನ್ನೂ ತೀರ್ಪಿನ ದಿನಾಂಕವನ್ನೂ ನಮೂದಿಸಿ ನಕಲು ಶಾಖೆಗೆ ಕೊಟ್ಟರೆ ಆಯಿತು. ಸಂಖ್ಯೆ ಗೊತ್ತಿಲ್ಲದವರು ಕಡತ ನೋಡಿ ತಿಳಿದುಕೊಳ್ಳಬಹುದು. ಕಡತ ನೋಡಬೇಕೆನ್ನುವವರು ಅದರ ಸಂಖ್ಯೆ ಬರೆದುಕೊಟ್ಟರೆ ಸಾಕು. ಮದುವೆ ಹಳೇಬೀಡಿನಲ್ಲಿ ಆದದ್ದರಿಂದ ಬೇಲೂರಿನಲ್ಲಿ ಕೇಳಿ ಎಂದು ಒಬ್ಬರು ಹೇಳಿದರು, ಸಂಸಾರ ಅರಸೀಕೆರೆಯಲ್ಲಿ ನಡೆದದ್ದರಿಂದ ಅರಸೀಕೆರೆಯಲ್ಲಿ ಕೇಳಿ ಎಂದು ಇನ್ನೊಬ್ಬರು ಹೇಳಿದರು, ಇಬ್ಬರೂ ಹೇಳಿದ ಕಡೆಗೆಲ್ಲ ಹೋಗಿಬಂದೆವು, ಕಡೆಕಡೆಗೆ ಜಾವಗಲ್ ದಾರಿಯ ಕಂಡಕ್ಟರುಗಳಿಗೆ ನಮ್ಮ ಪ್ರಕರಣ ಯಾವ ಗುಮಾಸ್ತರಿಗಿಂತಲೂ ಚೆನ್ನಾಗಿ ಗೊತ್ತಾಗಿತ್ತು.

ಐದನೆಯ ತಿಂಗಳು ತಮ್ಮ ಹಳೆಯ ಕಚೇರಿಯಲ್ಲಿ ದಯೆ ತೋರಿ ೧೯೯೪ರ ವೈವಾಹಿಕ ಪ್ರಕರಣಗಳ ರಿಜಿಸ್ಟರ್ ತೆಗೆದರು. ಓಡಿಹೋದ ಗಂಡನನ್ನು ಮನೆಗೆ ಕಳಿಸಿ, ತವರು ಸೇರಿದ ಹೆಂಡತಿಯನ್ನು ಮನೆಗೆ ಕಳಿಸಿ ಎಂದು ಕೇಳಿದ ಅರ್ಜಿಗಳು ಅದರಲ್ಲಿ ನಾಲ್ಕಿದ್ದವು. ವಿಚ್ಛೇದನ ಒಂದೂ ಇರಲಿಲ್ಲ. ತೊಂಬತ್ತಮೂರರಲ್ಲೂ ಇಲ್ಲ, ತೊಂಬತ್ತೈದರಲ್ಲೂ ಇಲ್ಲ. ಗಂಡಹೆಂಡಿರು ಒಬ್ಬರನ್ನೊಬ್ಬರು ಒಮ್ಮೆಯೂ ಬಿಡದ ಇಂಥ ಸೀಮೆ ಭೂಮಿಯ ಮೇಲೆ ಇನ್ನೊಂದಿರಲಾರದು. ಹಳೇಬೀಡಿಗೆ ಬರುವ ಪ್ರವಾಸಿ ಬಸ್ಸುಗಳನ್ನು ಈ ರಿಜಿಸ್ಟರಿನ ಮುಂದೆಯೂ ಹತ್ತು ನಿಮಿಷ ನಿಲ್ಲಿಸಬೇಕೆಂದು ಸಂಬಂಧಪಟ್ಟವರಿಗೆ ಬೇರೆಯಾಗಿ ಬರೆಯುತ್ತಿದ್ದೇನೆ. ಆ ದಿನ ಅಲ್ಲಿದ್ದ ಹೊಸ ಗುಮಾಸ್ತರು ನನ್ನ ಸಂಕಟ ನೋಡಲಾರದೆ, ‘ಸಿಗ್ಲಿಲ್ಲ ಅಂದ್ರೆ ಇನ್ನೊಂದ್ಸಲ ಹಾಕಿ ಮೇಡಂ, ಇಬ್ರೂ ಒಪ್ಪಿದ್ರೆ ಬೇಗ ಆಗುತ್ತೆ’ ಎಂದು ಸಲಹೆ ಕೊಟ್ಟರು. ಇನ್ನೊಬ್ಬರು ತೀರಿಕೊಂಡಿದ್ದಾರೆಂದು ನಾನು ನೆನಪಿಸಿದಾಗ, ಪತ್ರಿಕೆಯಲ್ಲಿ ನೋಟಿಸ್ ಕೊಡಿಸಬಹುದು ಎಂದರು.

ನಮ್ಮಣ್ಣ ಲಕ್ಕಪ್ಪನ ಸಲಹೆ ಇದಕ್ಕಿಂತ ಪ್ರಾಯೋಗಿಕವಾಗಿತ್ತು. ‘ಕೋರ್ಟೇ ನಿನ್ನ ಅವನ ಹೆಂಡ್ತಿ ಅಂತೈತೆ, ನೀನ್ಯಾಕೆ ಅಲ್ಲ ಅಂತೀಯ, ಆ ಕೆಲ್ಸ ತಗೊಂಡು ಅರಸೀಕೆರೆಗೆ ಬಂದ್ಬುಡು’ ಎಂದ. ನಿಜ ಹೇಳಬೇಕೆಂದರೆ, ಒಂದು ವಾರ ನಾನೂ ಅದನ್ನು ಯೋಚಿಸಿದೆ. ಅದನ್ನು ಇಲ್ಲಿ ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ, ಏಕೆಂದರೆ ತಮ್ಮ ರಿಜಿಸ್ಟರ್ ಒಳ್ಳೆಯವರನ್ನು ಎಲ್ಲಿಯವರೆಗೆ ಕರೆದೊಯ್ಯಬಲ್ಲದೆಂದು ತಮಗೂ ತಿಳಿಯಲಿ.

ಜನವರಿಯ ಕೊನೆಗೆ, ರೆಕಾರ್ಡ್ ರೂಮನ್ನು ಇಪ್ಪತ್ತು ವರ್ಷದಿಂದ ಗುಡಿಸುತ್ತಿರುವ ಮಹದೇವಮ್ಮ, ನಾವಿಬ್ಬರೂ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದಾಗ ಬಂದು ಪಕ್ಕದಲ್ಲಿ ಕೂತರು. ‘ಅಲ್ಲಿ ಹುಡುಕುದ್ರೆ ಎಲ್ಲಿ ಸಿಕ್ಕದು ಕಣಕ್ಕ. ಷಡಕ್ಷರಪ್ಪ ಸಾಹೇಬ್ರು ಡೈವೋರ್ಸ್ ಅನ್ನೋ ಮಾತ ಬರೀತಿರ್ಲಿಲ್ಲ, ಮನೇಲಿ ಹೆಣ್ಮಕ್ಕಳ ಲಗ್ನ ಇತ್ತಲ್ಲ, ಅಪಶಕುನ ಅಂತ. ಪಾಲಿನ ಕೇಸ್ನಾಗೆ ನೋಡಿ’ ಎಂದರು. ನೋಡಿದೆವು. ಜಾವಗಲ್ಲಿನ ಅಣ್ಣತಮ್ಮಂದಿರು ನಲವತ್ತು ತೆಂಗಿನಮರ ಹಂಚಿಕೊಂಡ ದಾವೆಗೂ, ಬಾಣಾವರದ ದಾಯಾದಿಗಳ ಬಾವಿಯ ದಾವೆಗೂ ನಡುವೆ, ತಮ್ಮ ಮುತ್ತಿನಂಥ ಅಕ್ಷರದಲ್ಲಿ, ‘ಧರ್ಮೇಶ್ ಮತ್ತು ಭಾಗ್ಯ, ಪಾಲು ವಿಭಾಗ, ರಾಜಿ’ ಎಂದಿತ್ತು. ಹದಿನಾಲ್ಕು ಜೋಡಿಗಳ ಕಡತಗಳನ್ನು ತಾವು ಒಂದೇ ಕೆಂಪು ಬಟ್ಟೆಯಲ್ಲಿ ಕಟ್ಟಿ, ಅವುಗಳ ದೋಷ ಹೊರಗೆ ಬಾರದಿರಲೆಂದು ಗಂಟಿಗೆ ಒಂದು ಅರಿಶಿನದ ಕೊಂಬನ್ನು ಸಿಕ್ಕಿಸಿದ್ದಿರಿ. ಅರಿಶಿನ ಚೆನ್ನಾಗಿ ಕೆಲಸ ಮಾಡಿದೆ, ಒಂದು ಹಾಳೆಗೂ ಹುಳ ಹತ್ತಿರಲಿಲ್ಲ.

ತಾವು ಇರುವವರೆಗೆ ಯಾವುದು ಎಲ್ಲಿದೆ ಎಂದು ತಮಗೆ ಗೊತ್ತಿತ್ತು, ಕೇಳಿದವರಿಗೆ ತೆಗೆದುಕೊಟ್ಟಿರಿ, ಅದನ್ನು ಅಲ್ಲಗಳೆಯುವುದಿಲ್ಲ. ೧೯೯೯ರಲ್ಲಿ ನಿವೃತ್ತರಾದಾಗ ಬೀಗದ ಕೈ ಒಪ್ಪಿಸಿ, ಗುಟ್ಟನ್ನು ಮನೆಗೆ ಕೊಂಡೊಯ್ದಿರಿ. ಮರುವರ್ಷವೇ ವಿಶಾಲಮ್ಮ ಎಂಬವರು ಮೂರು ಸಲ ಬಂದು, ‘ಇಲ್ಲ’ ಅನ್ನಿಸಿಕೊಂಡು ಹೋದರಂತೆ, ಕಾಗದವಿಲ್ಲದ ಕಾರಣ ಅವರಿಗೆ ನಿಶ್ಚಯವಾಗಿದ್ದ ಎರಡನೆಯ ಮದುವೆ ನಿಂತುಹೋಯಿತಂತೆ. ಅವರ ಕಡತ ನಮ್ಮದರ ಕೆಳಗೇ ಇತ್ತು. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ತಮ್ಮ ಮೇಲೆ ಬಂದ ಸಿಟ್ಟನ್ನು ಗೌರವಪೂರ್ವಕ ಭಾಷೆಯಲ್ಲಿ ಬರೆಯಲು ಬರುವುದಿಲ್ಲ, ದಯವಿಟ್ಟು ಊಹಿಸಿಕೊಳ್ಳಿ.

ಕಡತ ಸಿಕ್ಕಿದ ಮೇಲೆ ನಕಲಿಗೆ ಮತ್ತೆ ಎರಡು ತಿಂಗಳು ಹಿಡಿಯಿತು. ರಿಜಿಸ್ಟರಿನಲ್ಲಿ ಪಾಲು ಎಂದಿರುವುದರಿಂದ ಛಾಪಾ ಕಾಗದ ಕೊಡಿ, ಆಸ್ತಿಯ ಚಕ್ಕುಬಂದಿ ಬರೆಯಿರಿ, ನಾಲ್ಕೂ ದಿಕ್ಕಿಗೆ ಯಾರಿದ್ದಾರೆ ತಿಳಿಸಿ ಎಂದು ನಕಲು ಶಾಖೆಯವರು ಹಟ ಹಿಡಿದರು. ನಮ್ಮ ದಾಂಪತ್ಯದ ಪೂರ್ವಕ್ಕೆ ಧರ್ಮೇಶರ ಅಕ್ಕ, ಪಶ್ಚಿಮಕ್ಕೆ ನನ್ನ ನೌಕರಿ, ಉತ್ತರಕ್ಕೆ ಎಂದೂ ತೀರದ ಬಸ್ ಪ್ರಯಾಣ, ದಕ್ಷಿಣಕ್ಕೆ ಖಾಲಿ ಜಾಗ ಎಂದು ಬರೆದುಕೊಟ್ಟೆ. ಪಾಲಾದ ಸ್ವತ್ತು ಒಂದು ಕುಕ್ಕರ್ ಮತ್ತು ಒಂದು ಗೋಡೆ ಗಡಿಯಾರ, ಕುಕ್ಕರ್ ನನ್ನ ಪಾಲಿಗೆ ಬಂದಿದೆ ಎಂದೂ ಸೇರಿಸಿದೆ. ಅರ್ಜಿ ವಾಪಸ್ ಬಂತು, ಅಳತೆ ನಮೂದಿಸಿಲ್ಲವೆಂದು. ಕೊನೆಗೆ ನ್ಯಾಯಾಧೀಶರೇ ಕಡತ ತರಿಸಿ ಓದಿ, ಐದು ನಿಮಿಷದಲ್ಲಿ ಅಪ್ಪಣೆ ಕೊಟ್ಟರು. ನಕಲು ನಮ್ಮ ಕೈಗೆ ಬಂದದ್ದು ಮಾರ್ಚ್ ಇಪ್ಪತ್ತೊಂಬತ್ತಕ್ಕೆ. ಇಂದುಮತಿಯ ಅರ್ಜಿಯ ಗಡುವು ಮಾರ್ಚ್ ಹತ್ತಕ್ಕೇ ಮುಗಿದಿತ್ತು. ಹತ್ತೊಂಬತ್ತು ದಿನ ತಡವೆಂದು ಇಲಾಖೆ ಅರ್ಜಿಯನ್ನು ತಿರಸ್ಕರಿಸಿತು.

ಮೇಲ್ಮನವಿಯ ಅಧಿಕಾರಿ ಕೊಂಚ ಮನುಷ್ಯರು. ದಾಖಲೆಯನ್ನು ಹೀಗೆ ಇಟ್ಟವನು ನಾನೇ, ವಿಳಂಬ ಅದರಿಂದಲೇ ಆಯಿತು ಎಂದು ಇಟ್ಟವರೇ ಒಂದು ಹಾಳೆ ಬರೆದುಕೊಟ್ಟರೆ ಗಡುವನ್ನು ಮನ್ನಿಸುತ್ತೇನೆ, ಈ ಮೇ ಮೂವತ್ತರೊಳಗೆ ತನ್ನಿ ಎಂದಿದ್ದಾರೆ. ಅದಕ್ಕೇ ಕಳೆದ ವಾರ ನಾವಿಬ್ಬರೂ ಬಾಣಾವರದ ತಮ್ಮ ಮನೆಗೆ ಬಂದದ್ದು. ತಾವು ಕುರ್ಚಿ ಹಾಕಿಸಿದಿರಿ, ಕಾಫಿ ಕೊಡಿಸಿದಿರಿ, ಎಲ್ಲವನ್ನೂ ಕಣ್ಣಲ್ಲಿ ನೀರು ತಂದುಕೊಂಡು ಕೇಳಿದಿರಿ, ಕೊನೆಗೆ, ‘ಆ ಮಾತು ನನ್ನ ಕೈಲಿ ಬರೆಯಕ್ಕಾಗಲ್ಲ ಕಣಮ್ಮ, ಇದೇ ತಿಂಗಳು ಮೊಮ್ಮಗಳ ಮದುವೆ ಐತೆ’ ಎಂದಿರಿ. ಹೊರಡುವಾಗ ಸುಮಿತ್ರಮ್ಮನವರು ಕುಂಕುಮದ ಬಟ್ಟಲು ಹಿಡಿದು ಬಂದು, ನನಗೆ ಕೊಟ್ಟು, ಇಂದುಮತಿಯ ಮುಂದೆ ಬಟ್ಟಲು ಮುಚ್ಚಿದರು. ತಮ್ಮ ರಿಜಿಸ್ಟರನ್ನು ನಂಬಿದರೆ ಧರ್ಮೇಶರ ವಿಧವೆ ನಾನು, ಇಂದುಮತಿ ಅವರಿಗೆ ಏನೂ ಅಲ್ಲ. ಹಾಗಿದ್ದಮೇಲೆ ಬಟ್ಟಲು ಮುಚ್ಚಬೇಕಾದದ್ದು ನನ್ನ ಮುಂದೆ. ಕುಂಕುಮದ ಹೊತ್ತಿಗೆ ಮಾತ್ರ ತಮ್ಮ ಮನೆಯಲ್ಲಿ ಎಲ್ಲರಿಗೂ ಸತ್ಯ ಸರಿಯಾಗಿ ಗೊತ್ತಿತ್ತು.

ಆದ್ದರಿಂದ ಮಾನ್ಯರೇ, ಈ ಬಹಿರಂಗ ಪತ್ರದ ಮೂಲಕ ತಮ್ಮಲ್ಲಿ ಬೇಡುವುದಿಷ್ಟು. ತಮ್ಮ ಪದ್ಧತಿಯನ್ನು ಇಡೀ ರಾಜ್ಯಕ್ಕೆ ವಿಸ್ತರಿಸುವಂತೆ ತಾವು ಸರ್ಕಾರಕ್ಕೆ ಶಿಫಾರಸು ಮಾಡಬೇಕು. ಕೊಲೆಯನ್ನು ಕೂಲಿಯ ತಕರಾರೆಂದೂ, ಸಾವನ್ನು ದೀರ್ಘ ರಜೆಯೆಂದೂ ಬರೆದಿಟ್ಟರೆ ನಮ್ಮ ನಾಡಿನಲ್ಲಿ ಅಶುಭವೆಂಬುದೇ ಉಳಿಯುವುದಿಲ್ಲ. ಅದು ಆಗುವ ಮೊದಲು, ಉಳಿದ ಹದಿಮೂರು ಜೋಡಿಗಳ ಮನೆಗೆ ತಾವೇ ನಡೆದುಹೋಗಿ, ಅವರ ಬಿಡುಗಡೆ ಯಾರ ತೆಂಗಿನಮರದ ಕೆಳಗಿದೆ ಎಂದು ತೋರಿಸಿಕೊಡಬೇಕು, ಮೊದಲು ವಿಶಾಲಮ್ಮನವರ ಮನೆಗೆ. ಇವೆಲ್ಲ ಆಗದ ಕೆಲಸಗಳೆಂದು ನನಗೆ ಗೊತ್ತು. ಆಗುವ ಕೆಲಸ ಒಂದೇ. ಹೇಳಿಕೆಯನ್ನು ನಾನೇ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ತಾವು ಹೆದರುವ ಆ ಪದ ಅದರಲ್ಲಿ ಎಲ್ಲಿಯೂ ಇಲ್ಲ, ಬೇಕಾದರೆ ಸುಮಿತ್ರಮ್ಮನವರಿಂದ ಓದಿಸಿ ನೋಡಿ. ‘ಇವರ ಕಡತವನ್ನು ಬೇರೆ ಕಡೆ ಇಟ್ಟವನು ನಾನು, ಹೆದರಿ ಹಾಗೆ ಮಾಡಿದೆ’ ಎಂದಷ್ಟೇ ಇದೆ. ಅದರ ಕೆಳಗೆ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಒಂದು ರುಜು ಹಾಕಿ, ಇಬ್ಬರು ಮಕ್ಕಳ ತಾಯಿಗೆ ಒಂದು ಕೆಲಸ ಸಿಗುತ್ತದೆ.

ತಮ್ಮ ರುಜುವಿನ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಭಾಗ್ಯ
(ಯಾರ ಹೆಂಡತಿಯೂ ಅಲ್ಲ, ದೃಢೀಕೃತ ನಕಲು ಲಗತ್ತಿಸಿದೆ)

ಮರೆತ ಮಾತು: ಅಂದು ಗೇಟಿನವರೆಗೆ ಬಂದು ತಾವು ನನ್ನ ಕೈಗೆ ಲಗ್ನಪತ್ರಿಕೆ ಕೊಟ್ಟಿರಿ, ಬಹಳ ಸಂತೋಷ; ಇಂದುಮತಿಗೆ ಕೊಡುವುದು ಮರೆತುಹೋಗಿರಬೇಕು, ಆದರೂ ಇಪ್ಪತ್ತೈದನೆಯ ತಾರೀಖು ನಾವಿಬ್ಬರೂ ಒಟ್ಟಿಗೇ ಬರುತ್ತೇವೆ. ಮದುಮಗಳಿಗೆ ನನ್ನದೊಂದು ಕಿವಿಮಾತು ಈಗಲೇ ತಿಳಿಸಿಬಿಡಿ: ಮದುವೆಯನ್ನು ತಪ್ಪದೆ ನೋಂದಣಿ ಮಾಡಿಸಲಿ, ಅದರ ದೃಢೀಕೃತ ನಕಲು ಎರಡು ತೆಗೆಸಿ ತನ್ನ ಬಳಿಯೇ ಇಟ್ಟುಕೊಳ್ಳಲಿ, ಭದ್ರವಾಗಿರಲಿ ಎಂದು ಮಾತ್ರ ಅಜ್ಜನ ಕೈಗೆ ಕೊಡದಿರಲಿ.