ಅತ್ತೆ ತಟ್ಟಿದ ಹೊಟ್ಟೆ

ಇದನ್ನು ಅರ್ಧ ಕೇಳಿ ಎದ್ದು ಹೋಗುವ ಹಾಗಿಲ್ಲ, ಪೂರ್ತಿ ಕೇಳಲೇಬೇಕು. ಅರ್ಧ ಕೇಳಿದವರೆಲ್ಲ ರೋಡಿಕಾಳದೇ ತಪ್ಪು ಅನ್ನುತ್ತಾರೆ. ಪೂರ್ತಿ ಕೇಳಿದವರು ತಮ್ಮ ಹೊಟ್ಟೆಯನ್ನೊಮ್ಮೆ ಮುಟ್ಟಿ ನೋಡಿಕೊಂಡು ಸುಮ್ಮನಾಗುತ್ತಾರೆ.

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಎರಡೇ ಎರಡು ತಟ್ಟು. ಫೆಬ್ರವರಿಯ ಒಂದು ಭಾನುವಾರ, ಜಪಾನಿನ ಓಗಾಕಿ ಎಂಬ ಊರಿನ ಅತ್ತೆ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಅತ್ತೆಯ ಮಗಳು ನಾವೊಳ ಮದುವೆ ಮೇ ತಿಂಗಳಿಗೆ ನಿಶ್ಚಯವಾಗಿತ್ತು. ಅತ್ತೆ ಹಿಸಾಯೆ ತಮ್ಮ ತಾಯಿಯ ಕಾಲದ ಕಿಮೊನೊ ಮಾತು ತೆಗೆದರು. ಕರಿ ರೇಷ್ಮೆ, ಕೆಳ ಅಂಚಿನಲ್ಲಿ ಬಿಳಿ ಕೊಕ್ಕರೆಗಳು ಹಾರುತ್ತಿರುವಂಥದ್ದು. ಸೊಸೆಯರು ಇಬ್ಬರು, ಕಿಮೊನೊ ಒಂದೇ.

"ಯಾರ ಮೈ ಮೇಲೆ ಚೆನ್ನಾಗಿ ಕೂರುತ್ತೋ ಅವರು ಉಟ್ಕೊಂಡು ಫೋಟೋದಲ್ಲಿ ನನ್ನ ಪಕ್ಕ ನಿಲ್ಲಲಿ. ಇನ್ನೊಬ್ಬರಿಗೆ ಬಾಡಿಗೆದು ತರಿಸಿದ್ರಾಯ್ತು. ಉಮೆನೊ ಅಜ್ಜಿ ಬಂದು ಉಡಿಸಿ ನೋಡ್ತಾರೆ" ಎಂದರು.

ಆಮೇಲೆ ತಟ್ಟೆ ಎತ್ತಿಕೊಂಡು ಒಳಗೆ ಹೋಗುವಾಗ ಹಿರಿಸೊಸೆ ರೋಡಿಕಾಳ ಹೊಟ್ಟೆಯನ್ನು ಎರಡು ಸಲ ತಟ್ಟಿ, "ಹೂಂ, ಇಲ್ಲಿ ಇದು ಇದೆಯಲ್ಲ" ಎಂದು ನಕ್ಕರು.

ರೊಮೇನಿಯಾದಲ್ಲಿ ಹುಟ್ಟಿದ ರೋಡಿಕಾ ಶಿಗೆತೊನ ಕೈಹಿಡಿದು ಈ ಊರಿಗೆ ಬಂದು ಎಂಟು ವರ್ಷ. ತವರಲ್ಲಿ ಅವಳನ್ನು ಎಲ್ಲರೂ ಕಡ್ಡಿ ಅನ್ನುತ್ತಿದ್ದರು. ಅವಳಮ್ಮ ಈಗಲೂ ಫೋನಿನಲ್ಲಿ, "ಮೆಕ್ಕೆಜೋಳದ ಮುದ್ದೆ ಇಲ್ಲ, ಮೊಸರಿನ ಕೆನೆ ಇಲ್ಲ, ಅಲ್ಲಿ ಏನು ತಿಂದು ಬದುಕ್ತೀಯೇ" ಎಂದು ಅಳುತ್ತಾಳೆ. ಜಪಾನಿಗೆ ಬಂದು ವಿಮಾನದ ಮೆಟ್ಟಿಲು ಇಳಿದಳೋ ಇಲ್ಲವೋ, ಒಂದು ಗ್ರಾಂ ಕೂಡ ಹೆಚ್ಚದೆ ದಪ್ಪಗಾಗಿಬಿಟ್ಟಳು. ಬಟ್ಟೆ ಅಂಗಡಿಗೆ ಕಾಲಿಟ್ಟರೆ ಸಾಕು, ಅವಳು ಬಾಯಿ ತೆರೆಯುವ ಮೊದಲೇ ಅಂಗಡಿ ಹುಡುಗಿ ಸೊಂಟ ಬಗ್ಗಿಸಿ, "ಆ ಅಳತೆ ನಮ್ಮಲ್ಲಿ ಬರಲ್ಲ, ದಯವಿಟ್ಟು ಕ್ಷಮಿಸಿ" ಅನ್ನುತ್ತಾಳೆ.

ಇದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಓರಗಿತ್ತಿ ಶಿಯೊರಿಯನ್ನು. ಇಬ್ಬರನ್ನೂ ದೇವರು ಉದ್ದಕ್ಕೆ ಒಂದೇ ಕೋಲಲ್ಲಿ ಅಳೆದಿದ್ದ, ಅಗಲಕ್ಕೆ ಬಂದಾಗ ಕೋಲು ಬದಲಾಯಿಸಿದ್ದ. ಎರಡು ವರ್ಷದ ಹಿಂದೆ ಶಿಯೊರಿಯ ಮದುವೆಯ ಗುಂಪು ಫೋಟೋದಲ್ಲಿ ಫೋಟೋದವನು ರೋಡಿಕಾಳನ್ನು "ಸ್ವಲ್ಪ ಓರೆಯಾಗಿ, ಇನ್ನೂ ಸ್ವಲ್ಪ" ಎಂದು ಸರಿಸಿ ಸರಿಸಿ ಕೊನೆಗೆ ಹೂಕುಂಡದ ಹಿಂದೆ ನಿಲ್ಲಿಸಿದ್ದ. ಆ ಫೋಟೋ ಅತ್ತೆಯ ಮನೆಯ ಗೋಡೆಯಲ್ಲಿದೆ. ನಡುವೆ ಬಳ್ಳಿಯ ಹಾಗೆ ಶಿಯೊರಿ. ಕೊನೆಯಲ್ಲಿ ಒಂದು ಹೂಕುಂಡ, ಅದಕ್ಕೊಂದು ಕಿವಿ ಮತ್ತು ಕೆಂಪು ಕೂದಲು.

ಈ ಸಲ ಹೂಕುಂಡದ ಹಿಂದೆ ನಿಲ್ಲುವವಳು ತಾನಲ್ಲ ಎಂದು ರೋಡಿಕಾ ಅವತ್ತೇ ಶಪಥ ಮಾಡಿದಳು.

ಗುರುವಾಗಿ ಸಿಕ್ಕಿದ್ದು ಪಕ್ಕದ ತೋಫು ಅಂಗಡಿಯ ಕಾಕುತಮ್ಮ. ಆಕೆಗೆ ಗೊತ್ತಿಲ್ಲದ ಪಥ್ಯ ಇಲ್ಲ, ಆಕೆ ಮಾಡಿದ ಪಥ್ಯವೂ ಒಂದಿಲ್ಲ. ಮೊದಲು ಬೆಳಗ್ಗೆ ಬರೀ ಬಾಳೆಹಣ್ಣು. ಆಮೇಲೆ ವಿನೆಗರ್ ನೀರು. ಆಮೇಲೆ ಕೊನ್ಯಾಕು, ಅಂದರೆ ಗೆಡ್ಡೆಯಿಂದ ಮಾಡಿದ, ಅಗಿದರೆ ಹಲ್ಲಿಗೆ ತಿರುಗಿ ಒದೆಯುವ ಒಂದು ರಬ್ಬರು. ರೋಡಿಕಾ ಎಲ್ಲವನ್ನೂ ಕಣ್ಣುಮುಚ್ಚಿ ನುಂಗಿದಳು. ಕರಗುತ್ತಿರುವುದು ಯಾರಿಗೂ ಕಾಣದಿರಲಿ ಎಂದು ಅತ್ತೆ ಮನೆಗೆ ಹೋಗುವಾಗ ದೊಗಳೆ ಸ್ವೆಟರ್ ಹಾಕುತ್ತಿದ್ದಳು. ಉಡಿಸುವ ದಿನ ಜಾದೂಗಾರನ ಹಾಗೆ ಒಮ್ಮೆಲೇ ತೋರಿಸಬೇಕು.

ಆದರೆ ಶಿಯೊರಿ. ಫೆಬ್ರವರಿಯಿಂದ ಅವಳು ಬೇಕೆಂದೇ ಎದುರಿಗೆ ಕೂತು ತಿನ್ನುತ್ತಿದ್ದಳು. ಎರಡನೇ ಬಟ್ಟಲು ಅನ್ನ, ಮೂರನೇ ಬಟ್ಟಲು ಅನ್ನ, ಮೇಲೆ ಕರಿದ ಮಾಂಸ.

"ತಿಂದಿದ್ದೆಲ್ಲ ಎಲ್ಲಿ ಹೋಗುತ್ತೆ ಇವಳಿಗೆ? ಮೈಯೊಳಗೆ ನೆಲಮಾಳಿಗೆ ಏನಾದ್ರೂ ಕಟ್ಟಿಸಿದಾಳಾ?" ಎಂದು ರೋಡಿಕಾ ಗಂಡನನ್ನು ಕೇಳಿದ್ದಳು. ಸಾಲದ್ದಕ್ಕೆ ಇತ್ತೀಚೆಗೆ ಡೇರೆಯಂಥ ಫ್ರಾಕು ಬೇರೆ. ತೆಳ್ಳಗಿರುವವರು ಗೋಣಿಚೀಲ ಹಾಕಿದರೂ ಫ್ಯಾಷನ್. ಹೊಟ್ಟೆಕಿಚ್ಚಿಗೆ ಹೊಟ್ಟೆ ಕರಗುವಂತಿದ್ದರೆ ರೋಡಿಕಾಳಿಗೆ ಕೊನ್ಯಾಕು ಬೇಕೇ ಇರಲಿಲ್ಲ.

ಅಂತೂ ಉಡಿಸಿ ನೋಡುವ ದಿನ ಬಂತು. ಮದುವೆಗೆ ಇನ್ನು ಎರಡು ವಾರ. ಬೆಳಗ್ಗೆ ಎದ್ದು ತೂಕದ ಯಂತ್ರದ ಮೇಲೆ ನಿಂತವಳು ಇಳಿಯಲೇ ಇಲ್ಲ.

"ಸಾಕು ಇಳಿಯೇ, ಜೋರಾಗಿ ಗಾಳಿ ಬಂದ್ರೆ ಹಾರಿ ಹೋಗ್ತೀಯ" ಎಂದ ಶಿಗೆತೊ, ಬಾಯಿತುಂಬ ಮೊಟ್ಟೆ ತುಂಬಿಕೊಂಡು.

"ಹಾರಿದ್ರೂ ನಿಮ್ಮಮ್ಮನ ಪಕ್ಕಕ್ಕೇ ಹೋಗಿ ಬೀಳ್ತೀನಿ. ನೀನು ಆ ತಟ್ಟೆ ಆ ಕಡೆ ತಿರುಗಿಸ್ಕೊಂಡು ತಿನ್ನು, ವಾಸನೆ ಬರ್ತಿದೆ."

ಮಧ್ಯಾಹ್ನ ಕಾಕುತಮ್ಮ ಅಂಗಡಿ ಬಾಗಿಲು ಅರ್ಧ ಎಳೆದು ಬಂದೇ ಬಿಟ್ಟಳು. ಕೈಯಲ್ಲಿ ಪೋಸ್ಟಿನಲ್ಲಿ ತರಿಸಿದ, ಸೊಂಟ ಬಿಗಿಯುವ ಕವಚ. ಸಾಲು ಸಾಲು ಕೊಕ್ಕೆ.

"ನೀನು ಕರಗಿದೀಯ, ಇಲ್ಲ ಅನ್ನಲ್ಲ. ಆದ್ರೆ ಆ ಶಿಯೊರಿ ಮುಂದೆ ಕರಗಿದ್ರೆ ಸಾಲ್ದು, ಮಾಯ ಆಗ್ಬೇಕು. ತಿರುಗು" ಎಂದು ಅವಳ ಬೆನ್ನಿಗೆ ಮಂಡಿಯೂರಿ ಎಳೆಯತೊಡಗಿದಳು. "ಉಸಿರು ಬಿಡು."

"ಬಿಟ್ಟೆ."

"ಇನ್ನೂ ಬಿಡು."

"ಇನ್ನು ಬಿಡೋಕೆ ಪ್ರಾಣ ಒಂದೇ ಉಳಿದಿರೋದು ಕಾಕುತಮ್ಮ."

"ಅದನ್ನ ಇಟ್ಕೋ, ಫೋಟೋಗೆ ಬೇಕಾಗುತ್ತೆ."

ಕೊಕ್ಕೆಗಳು ಬಿದ್ದವು. ಕನ್ನಡಿಯಲ್ಲಿ ರೋಡಿಕಾ ಡಮರುಗದ ಹಾಗೆ ಕಂಡಳು. ಎಂಟು ವರ್ಷದಲ್ಲಿ ಮೊದಲ ಸಲ ಅವಳು ಮೈಗೆ ಅಂಟುವ ಅಂಗಿ ತೊಟ್ಟು ಬೀದಿಗಿಳಿದಳು.

ಮಾಂಸದಂಗಡಿಯ ಮುಂದೆಯೇ ಶಿಯೊರಿ. ಡೇರೆ ಫ್ರಾಕಿನಲ್ಲಿ ನಿಂತು, ಎಣ್ಣೆಯಿಂದ ಆಗ ತಾನೇ ತೆಗೆದ ಕೊರೊಕ್ಕೆ ತಿನ್ನುತ್ತಿದ್ದಳು. ಒಳಗೆ ಆಲೂಗಡ್ಡೆ, ಹೊರಗೆ ಗರಿಗರಿ, ಕಚ್ಚಿದರೆ ಬೀದಿಯ ಆ ಕೊನೆಗೆ ಕೇಳಬೇಕು. ರೋಡಿಕಾಳನ್ನು ನೋಡಿದವಳೇ ಅಗಿಯುವುದನ್ನು ನಿಲ್ಲಿಸಿದಳು. ಕಣ್ಣು ಸೊಂಟದ ಮೇಲೆ ನಿಂತಿತು. ಆಮೇಲೆ ಮುಖ ನಿಧಾನವಾಗಿ ಅರಳಿತು.

"ಅಕ್ಕ, ಎಷ್ಟು ಸಣ್ಣ ಆಗ್ಬಿಟ್ಟಿದೀರ. ನಿಜವಾಗ್ಲೂ. ಗುರುತೇ ಸಿಗಲ್ಲ."

"ಏನೋ, ಸ್ವಲ್ಪ."

"ಸ್ವಲ್ಪ ಅಲ್ಲ ಬಿಡಿ, ತುಂಬಾನೇ." ಶಿಯೊರಿ ಅಂಗಡಿಯವನ ಕಡೆ ತಿರುಗಿ, "ಇನ್ನೂ ಎರಡು ಕಟ್ಟಿಕೊಡಿ" ಎಂದಳು.

ಸೋಲುವವಳು ಇಷ್ಟು ಖುಷಿಯಾಗಿ ಎರಡು ಕೊರೊಕ್ಕೆ ಕಟ್ಟಿಸಿಕೊಳ್ಳುತ್ತಾಳಾ? ಇದು ಅಹಂಕಾರ, ಬರೀ ಅಹಂಕಾರ, ಎಂದು ಅವಳ ಪಕ್ಕದಲ್ಲಿ ನಡೆದ ದಾರಿಯುದ್ದಕ್ಕೂ ರೋಡಿಕಾಳ ಒಳಗೆ ಕುದಿಯಿತು. ಕುದಿಯಲು ಜಾಗವೂ ಇರಲಿಲ್ಲ, ಕವಚ ಅಷ್ಟು ಬಿಗಿ.

ಅತ್ತೆ ಮನೆಯ ಬಾಗಿಲಲ್ಲಿ ಹೊಸ ಸಂಕಟ ಕಾದಿತ್ತು. ಶೂ ಬಿಚ್ಚಬೇಕು. ರೋಡಿಕಾ ಹಾಕಿದ್ದು ಲೇಸಿನ ಶೂ. ಬಗ್ಗೋಣವೆಂದರೆ ನಡುವಿನಲ್ಲಿ ಮಡಚುವ ಜಾಗವೇ ಇಲ್ಲ. ಒಂದು ಕಾಲೆತ್ತಿ ಗೋಡೆ ಹಿಡಿದಳು. ಇನ್ನೊಂದು ಕಾಲು ತನ್ನ ದಾರಿ ತಾನು ನೋಡಿಕೊಂಡಿತು. ಕಡಿದ ಬಾಳೆಕಂಬದ ಹಾಗೆ ಉದ್ದಕ್ಕೆ ಮಲಗಿದಳು. ಕೊಕ್ಕೆಯೊಂದು ಕಿತ್ತು ಹಾರಿ, ಛತ್ರಿ ಇಡುವ ಹಿತ್ತಾಳೆ ಕೊಡಕ್ಕೆ ಟಣ್ ಎಂದು ಬಡಿಯಿತು.

"ಯಾರು ಬಂದ್ರು, ಗಂಟೆ ಬಾರಿಸಿದ ಹಾಗಾಯ್ತು" ಎಂದು ಅತ್ತೆ ಹೊರಬಂದರು. ನೆಲದ ಮೇಲಿದ್ದ ಸೊಸೆಯನ್ನು ನೋಡಿ ಬೆಚ್ಚಿದರು. "ಏನಾಯ್ತೇ ನಿಂಗೆ? ಶಿಯೊರಿ, ಅವಳ ಶೂ ತೆಗಿ. ನಾನು ಈ ಕಡೆ ಹಿಡ್ಕೋತೀನಿ."

ಗೆಲ್ಲಲು ಬಂದವಳನ್ನು ಹೀಗೆ ಇಬ್ಬರು ಹೊತ್ತುಕೊಂಡು ಒಳಗೆ ಹೋದರು.

ಉಮೆನೊ ಅಜ್ಜಿ ಚಾಪೆಯ ಮೇಲೆ ಕೂತಿದ್ದರು. ಆ ಬೀದಿಯ ಅರ್ಧ ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಉಡಿಸಿದ ಕೈ ಅದು. ಮುಂದೆ ಕೊಕ್ಕರೆಯ ಕಿಮೊನೊ ಹರಡಿತ್ತು.

"ಇದೇನಮ್ಮ ಇದು, ಅಕ್ಕಿ ಮೂಟೆ ಬಿಗಿದ ಹಾಗೆ? ಮೊದ್ಲು ಬಿಚ್ಚು."

ಕವಚ ಕಳಚಿತು. ಒಳಲಂಗದ ಮೇಲೆ ರೋಡಿಕಾಳ ಸೊಂಟ, ಕಾಕುತಮ್ಮನ ಪಥ್ಯದ ಫಲ, ಚಂದ್ರನ ಹಾಗೆ ಹೊರಬಂತು. ಅವಳು ಗಲ್ಲ ಎತ್ತಿ ನಿಂತಳು.

ಉಮೆನೊ ಅಜ್ಜಿ ಅಂಗೈಯಿಂದ ಮುಂದೆ ಸವರಿದರು, ಪಕ್ಕ ಸವರಿದರು. "ಹಿಸಾಯೆ, ಬಾ ಇಲ್ಲಿ. ನೀನು ಹೇಳಿದ ಹೊಟ್ಟೆ ಎಲ್ಲಿ?"

ಅತ್ತೆ ಬಂದು ನೋಡಿದರು. ಕೈಯಲ್ಲಿದ್ದ ಟೀ ಬಟ್ಟಲನ್ನು ಕೆಳಗಿಟ್ಟರು. "ಫೆಬ್ರವರಿಯಲ್ಲಿ ಇತ್ತು" ಎಂದರು, ಕಳ್ಳತನವಾದ ಮನೆಯವರ ಧ್ವನಿಯಲ್ಲಿ.

"ಕಿಮೊನೊಗೆ ಸೊಂಟ ಇರ್ಬಾರದಮ್ಮ" ಎಂದರು ಅಜ್ಜಿ ರೋಡಿಕಾಳಿಗೆ. "ಮೇಲಿಂದ ಕೆಳಗೆ ಬಿದಿರಿನ ಹಾಗೆ ಒಂದೇ ಸಮ ಇರ್ಬೇಕು. ಹಳ್ಳ ಇದ್ರೆ ಸೊಂಟಪಟ್ಟಿ ಕೂರಲ್ಲ, ಮಡಿಕೆ ಬೀಳುತ್ತೆ. ಟವೆಲ್ ತನ್ನಿ."

ಟವೆಲ್ ಬಂತು. ಒಂದು ಸುತ್ತಿದರು. ಸಾಲಲಿಲ್ಲ. ಬಿಸಿನೀರ ಬುಗ್ಗೆಯ ಹೋಟೆಲಿನ ಹೆಸರು ಬರೆದದ್ದು ಇನ್ನೊಂದು. ಬ್ಯಾಂಕಿನವರು ಹೊಸವರ್ಷಕ್ಕೆ ಕೊಟ್ಟದ್ದು ಮತ್ತೊಂದು. ಮೇಲೊಂದು ಸ್ನಾನದ ದೊಡ್ಡ ಟವೆಲ್. ಅಜ್ಜಿ ಸುತ್ತಿ, ದಾರ ಕಟ್ಟಿ, ದಿಂಬಿನ ಹಾಗೆ ತಟ್ಟಿ ಕನ್ನಡಿಯ ಕಡೆ ತಿರುಗಿಸಿದರು. ಕನ್ನಡಿಯೊಳಗೆ ಫೆಬ್ರವರಿಯ ರೋಡಿಕಾ ನಿಂತಿದ್ದಳು, ಅದೇ ಹೊಟ್ಟೆ, ಅದೇ ಪಕ್ಕೆ. ಈ ಸಲ ಹತ್ತಿಯದ್ದು.

"ಅಮ್ಮನ ರೇಷ್ಮೆ ಹಳೇದು, ಸವೆದು ನುಣ್ಣಗಾಗಿದೆ" ಎಂದರು ಅತ್ತೆ. "ಒಳಗೆ ಇಷ್ಟು ತುರುಕಿದ್ರೆ ಮದುವೆ ಮುಗಿಯೋದ್ರೊಳಗೆ ಎಲ್ಲಾ ಜಾರುತ್ತೆ. ಟವೆಲ್ ಬೇಡದ ಮೈ ಈ ಮನೇಲಿ ಒಂದೇ ಇತ್ತು, ನಿಂದು. ಅವತ್ತೇ ಮನಸ್ಸಲ್ಲಿ ನಿನ್ನ ಹೆಸರು ಬರ್ಕೊಂಡಿದ್ದೆ. ಶಿಯೊರಿ ಬೇಜಾರು ಮಾಡ್ಕೋತಾಳೆ ಅಂತ ಬಾಯಿಬಿಡ್ಲಿಲ್ಲ. ತಟ್ಟಿ ಹೇಳಿದ್ನಲ್ಲೇ."

ಎಂಟು ವರ್ಷದಲ್ಲಿ ಅತ್ತೆ ಬಾಯಿಂದ ಬಂದದ್ದು ಅದೊಂದೇ ಹೊಗಳಿಕೆ. ಅದನ್ನು ರೋಡಿಕಾ ಹಸಿದು ಹಸಿದು ಕರಗಿಸಿದ್ದಳು.

ಆದರೂ ಒಂದು ಸಮಾಧಾನ ಉಳಿದಿತ್ತು. ತನಗಿಲ್ಲದಿದ್ದರೆ ಅವಳಿಗೂ ಇಲ್ಲ.

"ಇನ್ನೇನು ಮಾಡೋದು, ಇವಳೂ ಕಡ್ಡಿ" ಎಂದು ಅತ್ತೆ ನಿಟ್ಟುಸಿರಿಟ್ಟರು. "ಇಬ್ಬರಿಗೂ ಬಾಡಿಗೆದೇ ಗತಿ."

"ಅತ್ತೆ, ನಂದೂ ಒಂದ್ಸಲ ನೋಡ್ಬಿಡಿ" ಎಂದಳು ಶಿಯೊರಿ.

ಡೇರೆ ಫ್ರಾಕು ತಲೆಯ ಮೇಲಿಂದ ಹೋಯಿತು. ಕಡ್ಡಿ ಕೈ, ಕಡ್ಡಿ ಕಾಲು, ನಡುವೆ ಕುಂಬಳಕಾಯಿಯಂಥ ಒಂದು ದುಂಡು ಹೊಟ್ಟೆ. ಉಮೆನೊ ಅಜ್ಜಿ ಕಲ್ಲಂಗಡಿ ಕೊಳ್ಳುವವರ ಹಾಗೆ ಬೆರಳಿಂದ ತಟ್ಟಿ ನೋಡಿದರು. "ಟವೆಲ್ ಬೇಡ."

"ಏನೇ ಇದು, ವಿಶೇಷಾನಾ?" ಎಂದರು ಅತ್ತೆ.

"ವಿಶೇಷ ಏನಿಲ್ಲ ಅತ್ತೆ, ಅನ್ನ." ಶಿಯೊರಿ ನೆಲ ನೋಡಿದಳು. "ಅವತ್ತು ನೀವು ಅಕ್ಕನ ಹೊಟ್ಟೆ ತಟ್ಟಿದ್ರಿ. ನನ್ನ ಕಡೆ ತಿರುಗಿಯೂ ನೋಡ್ಲಿಲ್ಲ. ಕಿಮೊನೊ ಅಕ್ಕಂಗೇ ಅಂತ ಗೊತ್ತಾಯ್ತು. ಆವತ್ತಿಂದ ತಿಂದೆ. ಮೂರನೇ ಬಟ್ಟಲಿಗೆ ಕಣ್ಣಲ್ಲಿ ನೀರು ಬರ್ತಿತ್ತು, ಆದ್ರೂ ಅಕ್ಕನ ಹೊಟ್ಟೆ ನೆನೆಸ್ಕೊಂಡು ತಿಂದೆ."

ಕರಿ ರೇಷ್ಮೆ ಶಿಯೊರಿಯ ಮೈಮೇಲೆ ನೀರಿನಂತೆ ಕೂತಿತು. ಕೊಕ್ಕರೆಗಳು ಹಾರಿದವು. ಮೂಲೆಯಲ್ಲಿ ಟವೆಲ್ ಕಟ್ಟಿಕೊಂಡು ನಿಂತ ರೋಡಿಕಾ ಆ ದುಂಡು ಹೊಟ್ಟೆಯನ್ನು ನೋಡಿದಳು. ಅದು ಅಚ್ಚು ಅವಳದೇ ಹಳೆಯ ಹೊಟ್ಟೆ. ತನ್ನದೇ ಹೊಟ್ಟೆಗಾಗಿ ಹೊಟ್ಟೆ ಉರಿಸಿಕೊಳ್ಳುವ ಗತಿ ಯಾವ ಶತ್ರುವಿಗೂ ಬೇಡ.

"ಮದುವೆ ಬೆಳಗ್ಗೆ ಬಂದು ಇನ್ನೊಂದ್ಸಲ ನೋಡ್ತೀನಿ" ಎಂದರು ಅಜ್ಜಿ ಏಳುತ್ತಾ. "ಅಲ್ಲಿವರೆಗೆ ಹೊಟ್ಟೆ ಜೋಪಾನ. ಇಳಿದಿದ್ರೆ ಇದು ನಿಂಗಿಲ್ಲ."

ಅತ್ತೆ ಅಜ್ಜಿಯನ್ನು ಕಳಿಸಲು ಬಾಗಿಲಿಗೆ ಹೋದರು. ಶಿಯೊರಿ ಮೆಲ್ಲಗೆ ಪಕ್ಕಕ್ಕೆ ಬಂದು ಎಣ್ಣೆ ಒಸರುವ ಕಾಗದದ ಪೊಟ್ಟಣವನ್ನು ರೋಡಿಕಾಳ ಕೈಗಿಟ್ಟಳು. ಒಳಗೆ ಎರಡು ಕೊರೊಕ್ಕೆ, ಇನ್ನೂ ಬೆಚ್ಚಗೆ.

"ಅಕ್ಕ, ನೀವೇ ತಿನ್ಬಿಡಿ. ನಂಗೆ ಇನ್ನು ಒಂದು ತುತ್ತೂ ಇಳಿಯಲ್ಲ. ಒಂದು ಉಪಕಾರ ಮಾಡ್ತೀರಾ? ಇದನ್ನ ಹೊತ್ಕೊಂಡು ನಂಗೆ ಸಾಕಾಗಿದೆ, ಒಂದು ಬಟ್ಟೆನೂ ಹಿಡಿಯಲ್ಲ. ನೀವು ಹೇಗೆ ಕರಗಿಸಿದ್ರಿ, ಎಷ್ಟು ದಿನಕ್ಕೆ ಗೊತ್ತಾಗುತ್ತೆ, ಎಲ್ಲಾ ಹೇಳ್ಕೊಡಿ. ಯಾವತ್ತಿಂದ ಶುರು ಮಾಡ್ಲಿ ಹೇಳಿ. ನೀವು ಹೇಳಿದ ಹಾಗೇ ಮಾಡ್ತೀನಿ."

ಮದುವೆಗೆ ಇನ್ನೂ ಎರಡು ವಾರ. ರೋಡಿಕಾಳ ಕೈಯಲ್ಲಿ ಬಿಸಿ ಕೊರೊಕ್ಕೆ, ನಾಲಿಗೆಯ ತುದಿಯಲ್ಲಿ "ಇವತ್ತಿಂದಲೇ" ಎಂಬ ಒಂದು ಮಾತು, ಎದುರಿನ ಗೋಡೆಯಲ್ಲಿ ಹೂಕುಂಡ.

ಈಗ ಹೇಳಿ, ಅವಳ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?